ಬೈಗುಳದಿಂದ ಹೆಸರಿಗೆ: ಜಾತಿನಿಂದೆಯ ಪದಗಳ ಮರುಸ್ವೀಕಾರ – ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ಒಂದು ಸಮುದಾಯವನ್ನು ಹೀಗಳೆಯುವುದಕ್ಕೆಂದು ಅನ್ಯರು ಬಳಸುತ್ತ ಬಂದ ಪದವನ್ನು ಆ ಸಮುದಾಯದವರೇ ಎತ್ತಿಕೊಂಡು ತಮ್ಮ ಹೆಸರಾಗಿ ಬಳಸುವುದು ಸಾಧುವೇ ಎಂಬ ಪ್ರಶ್ನೆ ಇಂದು ಹಲವು ದೇಶಗಳಲ್ಲಿ ಚರ್ಚೆಯಾಗುತ್ತಿದೆ. ಅಮೆರಿಕದಲ್ಲಿ ಈ ಚರ್ಚೆ ಕಪ್ಪು ಜನರನ್ನು ಕುರಿತ 'ನಿಗ್ಗರ್' ಎಂಬ ಬೈಗುಳದ ಸುತ್ತ ಬೆಳೆದಿದೆ. ಭಾರತದಲ್ಲಿ ಅದು ಜಾತಿಯ ಹೆಸರುಗಳ ಸುತ್ತ ಬೆಳೆದಿದೆ. ಜನಾಂಗಭೇದ ಮತ್ತು ಜಾತಿಭೇದ ಒಂದೇ ಅಲ್ಲ. ಆದರೆ ಹುಟ್ಟಿನ ಕಾರಣಕ್ಕೇ ಒಂದು ಜನವನ್ನು ಕೀಳೆಂದು ಗುರುತಿಸುವ ಪದ ಆ ಜನರ ಹೆಸರೂ ಆಗಿರುವ ಸ್ಥಿತಿ ಎರಡರಲ್ಲಿಯೂ ಸಮಾನವಾದುದು.

ಕನ್ನಡದಲ್ಲಿ 'ಹೊಲೆಯ', 'ಮಾದಿಗ' ಎಂಬ ಪದಗಳೂ ತೆಲುಗಿನಲ್ಲಿ 'ಮಾಲ', 'ಮಾದಿಗ' ಎಂಬ ಪದಗಳೂ ಇಂತಹವು. ಇವು ಸರಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಅಧಿಕೃತ ಹೆಸರುಗಳು; ಬೀದಿಯ ಜಗಳದಲ್ಲಿ ಬರುವ ಬೈಗುಳಗಳು; ಕಳೆದ ಐವತ್ತು ವರ್ಷಗಳ ಸಾಹಿತ್ಯದಲ್ಲಿ ಮತ್ತು ಚಳವಳಿಯಲ್ಲಿ ಸ್ವಾಭಿಮಾನದ ಘೋಷಣೆಗಳು. ಒಂದೇ ಪದ ಈ ಮೂರು ನೆಲೆಗಳಲ್ಲಿ ಏಕಕಾಲಕ್ಕೆ ಬಾಳುತ್ತಿರುವುದರಿಂದ, ಅದನ್ನು ಯಾರು, ಯಾವಾಗ, ಹೇಗೆ ನುಡಿಯಬಹುದು ಎಂಬುದು ಕೇವಲ ಶಿಷ್ಟಾಚಾರದ ಪ್ರಶ್ನೆಯಲ್ಲ. ಕನ್ನಡ ಪಠ್ಯಗಳನ್ನು ತರಗತಿಯಲ್ಲಿ ಓದುವ ಮತ್ತು ಓದಿಸುವ ಪ್ರತಿಯೊಬ್ಬರಿಗೂ ಅದು ಎದುರಾಗುವ ಪ್ರಶ್ನೆ.

ಹೈದರಾಬಾದು ಈ ಅಧ್ಯಯನಕ್ಕೆ ಸಹಜವಾದ ನೆಲೆ. ೧೯೫೬ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಆಡಳಿತಕ್ಕೆ ಒಳಪಟ್ಟಿದ್ದವು. ಕನ್ನಡದ ಹೊಲೆಯ, ತೆಲುಗಿನ ಮಾಲ, ಮರಾಠಿಯ ಮಹಾರ, ದಖ್ಖನಿ ಮಾತಿನ ಧೇಡ್ ಎಂಬ ಹೆಸರುಗಳು ಇಲ್ಲಿ ಒಂದೇ ಆಡಳಿತದ ಕಡತಗಳಲ್ಲಿ ಕೂಡಿಕೊಂಡಿದ್ದವು. ಹೆಸರನ್ನು ತೊರೆಯುವ ಚಳವಳಿಯೂ ಹೆಸರಿಗೆ ಮರಳುವ ಚಳವಳಿಯೂ ಇಲ್ಲಿ ಬಲವಾಗಿ ನಡೆದಿವೆ. ಈ ಎರಡರ ಹಿನ್ನೆಲೆಯಲ್ಲಿ ಕನ್ನಡ ಸಾಹಿತ್ಯದ ಅನುಭವವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ನಿಷ್ಪತ್ತಿಯ ಮಿತಿ

ಇಂತಹ ಪದಗಳ ಚರ್ಚೆ ಬಂದಾಗ ವಿದ್ವಾಂಸರು ಮೊದಲು ಮೊರೆಹೋಗುವುದು ನಿಷ್ಪತ್ತಿಗೆ. 'ಹೊಲೆಯ' ಎಂಬುದು 'ಹೊಲ' ಶಬ್ದದಿಂದ ಬಂದುದೆಂದೂ ಆದಕಾರಣ ಅದರ ಮೂಲಾರ್ಥ ಹೊಲದಲ್ಲಿ ದುಡಿಯುವವನು, ನೆಲದ ಒಡೆಯ ಎಂದೂ ಒಂದು ವಾದವಿದೆ. ಹಳಗನ್ನಡದ 'ಪೊಲೆ' ಅಂದರೆ ಮೈಲಿಗೆ, ಅಶುದ್ಧಿ. 'ಪೊಲೆಯ' ಅದರಿಂದಲೇ ಬಂದುದು ಎಂಬುದು ಮತ್ತೊಂದು ವಾದ. 'ಮಾದಿಗ' ಪದವನ್ನು 'ಮಾತಂಗ'ದೊಡನೆ ಜೋಡಿಸುವ ಪ್ರಯತ್ನವೂ ಬಹುಕಾಲದಿಂದ ನಡೆದಿದೆ.

ಈ ವಾದಗಳಿಗೆ ಸಮುದಾಯದ ಆತ್ಮಗೌರವದ ದೃಷ್ಟಿಯಿಂದ ಮಹತ್ತ್ವವಿದೆ. ತನ್ನ ಹೆಸರು ಮೈಲಿಗೆಯಿಂದ ಹುಟ್ಟಿದ್ದಲ್ಲ, ಮಣ್ಣಿನಿಂದ ಹುಟ್ಟಿದ್ದು ಎಂದು ಹೇಳಿಕೊಳ್ಳುವುದು ಒಂದು ಬಗೆಯ ಮರುಸ್ವೀಕಾರವೇ. ಆದರೆ ಬಳಕೆಯ ಅರ್ಥವನ್ನು ನಿರ್ಧರಿಸುವ ಶಕ್ತಿ ನಿಷ್ಪತ್ತಿಗಿಲ್ಲ. ಹೊಲದಿಂದಲೇ ಬಂದ ಪದವೆಂದು ನಾಳೆ ನಿರ್ವಿವಾದವಾಗಿ ಸಿದ್ಧವಾದರೂ, ಬಾವಿಕಟ್ಟೆಯ ಮೇಲೆ ಅದನ್ನು ಕೂಗಿ ಒಬ್ಬನನ್ನು ಹಿಂದಕ್ಕಟ್ಟಿದಾಗ ಆಗುವ ನೋವು ಕಡಿಮೆಯಾಗದು. ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ 'ಚಮಾರ' ಎಂಬ ಪದವನ್ನು ಪರಿಶೀಲಿಸುವಾಗ ಇದೇ ದಾರಿಯನ್ನು ಹಿಡಿಯಿತು. ಪದದ ವ್ಯುತ್ಪತ್ತಿಯಲ್ಲ, ಇಂದು ಜನ ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬುದೇ ಮುಖ್ಯವೆಂದೂ, ಅಪಮಾನಿಸುವ ಉದ್ದೇಶದಿಂದ ಹಾಗೆ ಕರೆಯುವುದು ಅಪರಾಧವೆಂದೂ ಅದು ತೀರ್ಮಾನಿಸಿತು. ಭಾಷಾಶಾಸ್ತ್ರದ ದೃಷ್ಟಿಯಿಂದಲೂ ಇದು ಒಪ್ಪತಕ್ಕ ನಿಲುವು. ಹಾಗಾದರೆ ಉತ್ತರವನ್ನು ಪದದ ಹುಟ್ಟಿನಲ್ಲಿ ಅಲ್ಲ, ಅದರ ಪ್ರಯೋಗದಲ್ಲಿ ಹುಡುಕಬೇಕು.

೩. ಪ್ರಾಚೀನ ಸಾಹಿತ್ಯದ ಮೂರು ನಿದರ್ಶನಗಳು

ಕನ್ನಡ ಸಾಹಿತ್ಯದಲ್ಲಿ ಈ ಪದಗಳನ್ನು ಎದುರಿಸಿದ ಕ್ರಮಗಳು ಒಂದೇ ಬಗೆಯವಲ್ಲ. ಮೂರು ನಿದರ್ಶನಗಳನ್ನು ಇಲ್ಲಿ ಗಮನಿಸಬಹುದು.

ಮೊದಲನೆಯದು ವಚನಕಾರರು ಮಾಡಿದ ಅರ್ಥಪಲ್ಲಟ. ಹುಟ್ಟಿನಿಂದ ಯಾರೂ ಹೊಲೆಯನಾಗುವುದಿಲ್ಲ, ಕೊಲ್ಲುವವನು, ಕೆಟ್ಟ ನಡತೆಯುಳ್ಳವನು ನಿಜವಾದ ಹೊಲೆಯ ಎಂಬ ಆಶಯ ಹನ್ನೆರಡನೆಯ ಶತಮಾನದ ವಚನಗಳಲ್ಲಿ ಹಲವೆಡೆ ಬರುತ್ತದೆ. ಜಾತಿಯ ಮೇಲುಕೀಳನ್ನು ಬುಡಮೇಲು ಮಾಡುವ ಮಾತಿದು, ಅದರ ಧೈರ್ಯ ದೊಡ್ಡದು. ಆದರೂ ಒಂದು ತೊಡಕು ಉಳಿಯುತ್ತದೆ. ಇಲ್ಲಿ ಬೈಗುಳದ ಗುರಿ ಬದಲಾಯಿತೇ ಹೊರತು ಪದ ಬೈಗುಳವಾಗಿಯೇ ಉಳಿಯಿತು. ದುಷ್ಟನನ್ನು ಹೊಲೆಯನೆಂದು ಕರೆದಾಗ, ಆ ಹೆಸರನ್ನು ಹೊತ್ತ ನಿರಪರಾಧಿ ಜನರ ಹೆಸರು ದುಷ್ಟತನಕ್ಕೆ ಪರ್ಯಾಯವಾಗಿ ಬಿಡುತ್ತದೆ.

ಎರಡನೆಯದು ಸಂಬಂಧದ ಘೋಷಣೆ. ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮುಂತಾದವರನ್ನು ತಮ್ಮ ತಂದೆ ಮತ್ತು ಹಿರಿಯರೆಂದು ಕರೆದುಕೊಳ್ಳುವ ವಚನಗಳು ಈ ವರ್ಗದವು. ಇಲ್ಲಿ ಪದದ ಅರ್ಥವನ್ನು ಬದಲಿಸುವ ಪ್ರಯತ್ನವಿಲ್ಲ, ನುಡಿಯುವವನ ಸ್ಥಾನವೇ ಬದಲಾಗುತ್ತದೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನೊಬ್ಬ ಆ ಕುಲದ ಗೌರವವನ್ನು ಬಿಟ್ಟುಕೊಟ್ಟು ಮಾದಾರನ ಮನೆಯ ಮಗನೆನ್ನುತ್ತಾನೆ. ಹೊರಗಿನವನಿಗೆ ಇಂತಹ ಮಾತು ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಕಲ್ಯಾಣದ ಇತಿಹಾಸವೇ ಉತ್ತರ ಕೊಡುತ್ತದೆ. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹವೂ ಅದರಿಂದ ಒದಗಿದ ಶಿಕ್ಷೆಯೂ ಪರಂಪರೆಯ ನೆನಪಿನಲ್ಲಿ ಉಳಿದಿವೆ. ಆ ಮಾತಿಗೆ ಬೆಲೆ ತೆತ್ತದ್ದರಿಂದ ಅದು ಸಂದಿತು. ಬೆಲೆ ತೆರದೆ ಆಡಿದ್ದರೆ ಅದು ಬರಿಯ ಅಲಂಕಾರವಾಗುತ್ತಿತ್ತು.

ಮೂರನೆಯದು ನಿಂದಿತರೇ ಎದುರು ಮಾತನಾಡುವ ಪ್ರಸಂಗ. ರಾಘವಾಂಕನ ಹರಿಶ್ಚಂದ್ರ ಕಾವ್ಯದ ಅನಾಮಿಕೆಯರ ಸಂವಾದ ಇದಕ್ಕೆ ಶ್ರೇಷ್ಠ ಉದಾಹರಣೆ. ಹಾಡನ್ನು ಕಿವಿಯಿಂದ ಕೇಳಿ, ರೂಪವನ್ನು ಕಣ್ಣಿಂದ ನೋಡಿ ಮೆಚ್ಚಿದ ಅರಸನಿಗೆ ಮುಟ್ಟುವುದು ಮಾತ್ರ ಹೇಗೆ ಮೈಲಿಗೆಯಾಯಿತೆಂದು ಆ ಹೆಣ್ಣುಗಳು ಕೇಳುತ್ತಾರೆ. ಅವರನ್ನು ಕವಿ ಗುರುತಿಸುವ 'ಅನಾಮಿಕ' ಎಂಬ ಪದಕ್ಕೆ ಹೆಸರಿಲ್ಲದವರು ಎಂದರ್ಥ. ಬಾಯಿಂದ ಉಚ್ಚರಿಸಲು ಹೇಸಿ ಹೆಸರನ್ನೇ ಇಲ್ಲವಾಗಿಸುವುದೂ ಒಂದು ಬಗೆಯ ನಿಂದೆಯೆಂಬುದನ್ನು ಈ ಪದ ತೋರಿಸುತ್ತದೆ. ನಿಂದೆಯ ಹೆಸರನ್ನು ಅಳಿಸಿಬಿಟ್ಟರೆ ನಿಂದೆ ಹೋಯಿತೆಂದು ಭಾವಿಸುವವರು ಈ ಅಂಶವನ್ನು ಮರೆಯಬಾರದು.

ಇದೇ ಸಂದರ್ಭದಲ್ಲಿ ಸೂಳೆ ಸಂಕವ್ವೆಯನ್ನೂ ನೆನೆಯಬೇಕು. ಆಕೆಯದೆಂದು ಉಳಿದಿರುವುದು ಒಂದೇ ವಚನ. ಅದರ ಅಂಕಿತ 'ನಿರ್ಲಜ್ಜೇಶ್ವರ'. ಹೆಸರಿನ ಮುಂದಿನ ವಿಶೇಷಣವನ್ನು ಆಕೆಯೇ ಇಟ್ಟುಕೊಂಡಳೆಂದು ಹೇಳಲು ಆಧಾರವಿಲ್ಲ, ಪರಂಪರೆ ಸೇರಿಸಿರಬಹುದು. ಅಂಕಿತ ಮಾತ್ರ ಆಕೆಯದು. ಲೋಕ ತನಗೆ ಹೊರಿಸಿದ ಲಜ್ಜೆಯನ್ನು ದೇವರ ಹೆಸರಿನಲ್ಲಿ ಕಳಚಿಟ್ಟ ಆ ಅಂಕಿತವನ್ನು ಕನ್ನಡದಲ್ಲಿ ಮರುಸ್ವೀಕಾರದ ಪ್ರಾಚೀನ ಕುರುಹುಗಳಲ್ಲಿ ಒಂದೆನ್ನಬಹುದು.

೪. ಹೆಸರನ್ನು ತೊರೆಯುವ ಮಾರ್ಗ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಸ್ಪೃಶ್ಯ ಸಮುದಾಯಗಳ ನಾಯಕರು ಆರಿಸಿಕೊಂಡದ್ದು ಹಳೆಯ ಹೆಸರನ್ನು ಬಿಡುವ ದಾರಿಯನ್ನು. ಹೈದರಾಬಾದಿನಲ್ಲಿ ಇದರ ಮುಂದಾಳು ಭಾಗ್ಯರೆಡ್ಡಿ ವರ್ಮಾ (೧೮೮೮–೧೯೩೯). ಮಾಲ ಸಮುದಾಯದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಮಾದರಿ ಭಾಗಯ್ಯ. ೧೯೦೬ರಲ್ಲಿ ಅವರು ಜಗನ್ಮಿತ್ರ ಮಂಡಲಿಯನ್ನು ಸ್ಥಾಪಿಸಿದರು. ೧೯೧೧ರಲ್ಲಿ ಅದು ಮಾನ್ಯ ಸಂಘವಾಯಿತು. ೧೯೧೭ರಲ್ಲಿ ಬೆಜವಾಡದಲ್ಲಿ ಪಂಚಮರ ಹೆಸರಿನಲ್ಲಿ ಕರೆದ ಸಮ್ಮೇಳನದ ಅಧ್ಯಕ್ಷರಾಗಿ ಅವರು 'ಪಂಚಮ' ಎಂಬ ಪದವನ್ನೇ ಆಕ್ಷೇಪಿಸಿದರು. ಆ ಸಭೆ ಆದಿ-ಆಂಧ್ರ ಸಮ್ಮೇಳನವೆಂಬ ಹೆಸರನ್ನು ಪಡೆಯಿತು. ನಿಜಾಮ್ ಸಂಸ್ಥಾನದಲ್ಲಿ ಅವರು 'ಆದಿಹಿಂದೂ' ಎಂಬ ಹೆಸರಿಗಾಗಿ ದುಡಿದರು. ೧೯೩೧ರ ಜನಗಣತಿಯಲ್ಲಿ ಅದು ಬಳಕೆಗೆ ಬಂದಿತು. ಅದೇ ಕಾಲದಲ್ಲಿ ಹೈದರಾಬಾದಿನ ಮಾದಿಗ ಮುಖಂಡರು 'ಅರುಂಧತೀಯ' ಎಂಬ ಹೆಸರನ್ನು ಮುಂದಿಟ್ಟರು. ಮೈಸೂರು ಸಂಸ್ಥಾನದಲ್ಲಿ ಆದಿಕರ್ನಾಟಕ, ಆದಿದ್ರಾವಿಡ ಎಂಬ ಹೆಸರುಗಳು ಆಡಳಿತದಲ್ಲಿ ನೆಲೆಗೊಂಡವು. ಮುಂದೆ ಹೈದರಾಬಾದಿನ ನಾಯಕ ಬಿ. ಶ್ಯಾಮಸುಂದರ್ 'ಮೂಲಭಾರತೀಯ' ಎಂಬ ಕಲ್ಪನೆಯನ್ನು ಮುಂದಿಟ್ಟರು. ೧೯೬೮ರಲ್ಲಿ ಗುಲ್ಬರ್ಗದಲ್ಲಿ ಅವರು ಭೀಮಸೇನೆಯನ್ನು ಕಟ್ಟಿದರು.

ಈ ಹೆಸರುಗಳಲ್ಲಿ ಬರುವ 'ಆದಿ', 'ಮೂಲ' ಎಂಬ ಶಬ್ದಗಳು ಅಲಂಕಾರಕ್ಕೆ ಬಂದವಲ್ಲ. ಈ ನೆಲದ ಮೊದಲ ಒಡೆಯರು ತಾವೆಂಬ ಚಾರಿತ್ರಿಕ ಹಕ್ಕನ್ನು ಅವು ಸಾರುತ್ತಿದ್ದವು. ಇವು ಸಮುದಾಯದ ಒಳಗಿನಿಂದ ಬಂದ ಹೆಸರುಗಳೆಂಬುದು ಮುಖ್ಯ. 'ಹರಿಜನ' ಎಂಬ ಹೆಸರು ಹೀಗೆ ಬಂದುದಲ್ಲ. ಗಾಂಧೀಜಿಯವರು ಸದುದ್ದೇಶದಿಂದಲೇ ಅದನ್ನು ಪ್ರಚುರಪಡಿಸಿದರು. ೧೯೩೩ರಲ್ಲಿ ಅದೇ ಹೆಸರಿನ ಪತ್ರಿಕೆ ಹೊರಟಿತು. ಆದರೆ ೧೯೩೮ರಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಆ ಪದವನ್ನು ಶಾಸನದೊಳಗೆ ತಂದಾಗ ಡಾ. ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ತಮ್ಮ ಹೆಸರನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕು ಅಲ್ಲಿ ಪ್ರಶ್ನೆಯಾಗಿತ್ತು. ೧೯೮೨ರಲ್ಲಿ ಕೇಂದ್ರ ಸರಕಾರವು ಆ ಪದವನ್ನು ಅಧಿಕೃತ ದಾಖಲೆಗಳಲ್ಲಿ ಬಳಸಬಾರದೆಂದು ಸೂಚಿಸಿತು. ಗೌರವದ ಹೆಸರೂ ಹೊರಗಿನವರ ಕೊಡುಗೆಯಾದಾಗ ಮುಜುಗರದ ಹೆಸರಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಒಳಗಿನಿಂದ ಬಂದ ಹೊಸ ಹೆಸರುಗಳಿಗೂ ತಮ್ಮದೇ ಆದ ಮಿತಿ ಇತ್ತು. ಆದಿಕರ್ನಾಟಕ, ಆದಿದ್ರಾವಿಡ ಎಂಬವು ಒಂದು ಪ್ರದೇಶದಲ್ಲಿ ಹೊಲೆಯರನ್ನೂ ಮತ್ತೊಂದು ಪ್ರದೇಶದಲ್ಲಿ ಮಾದಿಗರನ್ನೂ ಸೂಚಿಸತೊಡಗಿದವು. ಗೌರವದ ಹೊದಿಕೆಯ ಕೆಳಗೆ ಒಳಗಿನ ಅಸಮಾನತೆ ಮರೆಯಾಯಿತು. ೨೦೨೫ರಲ್ಲಿ ಕರ್ನಾಟಕದಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗವು ಸಮೀಕ್ಷೆ ನಡೆಸಿದಾಗ, ಈ ಹೆಸರುಗಳನ್ನಷ್ಟೇ ಬರೆಸಿದವರ ಮೂಲಜಾತಿ ಯಾವುದೆಂಬುದು ದೊಡ್ಡ ತೊಡಕಾಯಿತು. ಅಜ್ಜಂದಿರು ಅವಮಾನದಿಂದ ಪಾರಾಗಲು ತೊರೆದ ಹೆಸರನ್ನು ಮೊಮ್ಮಕ್ಕಳು ಹಕ್ಕಿನ ಪಾಲಿಗಾಗಿ ಮತ್ತೆ ಬಾಯಿಬಿಟ್ಟು ಹೇಳಬೇಕಾದ ಪರಿಸ್ಥಿತಿ ಒದಗಿತು.

೫. ಹೆಸರಿಗೆ ಮರಳುವ ಮಾರ್ಗ

ಕನ್ನಡದಲ್ಲಿ ಹಳೆಯ ಹೆಸರು ಹೊಸ ದನಿಯಲ್ಲಿ ಕೇಳಿಬಂದದ್ದು ೧೯೭೦ರ ದಶಕದಲ್ಲಿ. ೧೯೭೩ರ ಬೂಸಾ ಪ್ರಕರಣದ ನಂತರದ ಕಾವಿನಲ್ಲಿ, ೧೯೭೫ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಆ ಶೀರ್ಷಿಕೆ ವ್ಯಾಕರಣದ ದೃಷ್ಟಿಯಿಂದಲೂ ಗಮನಾರ್ಹವಾದುದು. ಎರಡು ಹೆಸರುಗಳು ದ್ವಂದ್ವ ಸಮಾಸವಾಗಿ ಕೂಡಿವೆ, ಬಹುವಚನದಲ್ಲಿವೆ, ಷಷ್ಠಿಯಲ್ಲಿ ನಿಂತು ಹಾಡಿನ ಒಡೆತನವನ್ನು ಹೇಳುತ್ತಿವೆ. ಅದುವರೆಗೆ ಕನ್ನಡ ಕಾವ್ಯದಲ್ಲಿ ಕರುಣೆಯ ವಸ್ತುವಾಗಿದ್ದವರು ಇಲ್ಲಿ ಹಾಡಿನ ಕರ್ತೃಗಳಾದರು. ಶಿವರಾಮ ಕಾರಂತರ 'ಚೋಮನ ದುಡಿ' (೧೯೩೩) ಹೊಲೆಯನೊಬ್ಬನ ದುರಂತವನ್ನು ಘನವಾಗಿ ಚಿತ್ರಿಸಿದ ಕೃತಿಯಾದರೂ ಅಲ್ಲಿ ಆ ಪದ ಪ್ರಥಮಪುರುಷದ್ದು, ಇನ್ನೊಬ್ಬರು ಹೇಳುವ 'ಅವನ' ಕಥೆ. ಸಿದ್ಧಲಿಂಗಯ್ಯನವರಲ್ಲಿ ಅದು 'ನಮ್ಮ' ಮಾತಾಯಿತು.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (೧೯೯೪) ಇನ್ನೊಂದು ಬಗೆಯದು. ಸರಕಾರದ ಸವಲತ್ತು ಪಡೆಯುವ ದಲಿತರನ್ನು ಹಂಗಿಸಲು ಹುಟ್ಟಿದ ನುಡಿಯನ್ನೇ ಅವರು ಆತ್ಮಕಥನದ ಶೀರ್ಷಿಕೆಯಾಗಿಸಿದರು. ಕೃತಿಯನ್ನು ಓದಿದವರಿಗೆ ಆ ಹಂಗಿನ ಹುರುಳಿಲ್ಲದಿರುವಿಕೆ ತಾನಾಗಿ ಗೊತ್ತಾಗುತ್ತದೆ. ಹಸಿವು, ಅಸ್ಪೃಶ್ಯತೆ, ಅವಮಾನಗಳ ವಿವರಗಳ ಎದುರಿನಲ್ಲಿ ಶೀರ್ಷಿಕೆಯ ವ್ಯಂಗ್ಯ ಹಂಗಿಸಿದವರ ಕಡೆಗೇ ತಿರುಗುತ್ತದೆ. ಬೈಗುಳವನ್ನು ನಿರಾಕರಿಸದೆ, ಅದರ ಸುಳ್ಳನ್ನು ಬಯಲಿಗಿಡುವ ಕ್ರಮವಿದು.

ಅದೇ ವರ್ಷ, ೧೯೯೪ರ ಜುಲೈ ೭ರಂದು, ಆಂಧ್ರದ ಪ್ರಕಾಶಂ ಜಿಲ್ಲೆಯ ಈದುಮೂಡಿ ಗ್ರಾಮದಲ್ಲಿ ಮಾದಿಗ ದಂಡೋರಾ ಚಳವಳಿ ಆರಂಭವಾಯಿತು. ಮುಂದೆ ಹೈದರಾಬಾದು ಅದರ ಮುಖ್ಯ ಕಣವಾಯಿತು. 'ದಂಡೋರಾ' ಎಂದರೆ ಕನ್ನಡದ ಡಂಗುರ. ಊರಿನ ಸುದ್ದಿಯನ್ನು ಡಪ್ಪು ಬಡಿದು ಸಾರುವುದು ಮಾದಿಗರಿಗೆ ಹೊರಿಸಿದ್ದ ಬಿಟ್ಟಿ ಚಾಕರಿ. ಆ ಚಾಕರಿಯ ವಾದ್ಯವೇ ಹಕ್ಕೊತ್ತಾಯದ ವಾದ್ಯವಾಯಿತು. ಅದರ ನಾಯಕ ಮಂದ ಕೃಷ್ಣ ಮಾದಿಗರೂ ಅನೇಕ ಕಾರ್ಯಕರ್ತರೂ ತಮ್ಮ ಹೆಸರಿನ ಕೊನೆಗೆ 'ಮಾದಿಗ' ಎಂದು ಸೇರಿಸಿಕೊಂಡರು. ರೆಡ್ಡಿ, ಶರ್ಮಾ, ಚೌಧರಿ ಎಂದು ಇತರರು ಹೆಮ್ಮೆಯಿಂದ ಬರೆದುಕೊಳ್ಳುವಾಗ ಮಾದಿಗನೊಬ್ಬನೇ ತನ್ನ ಹೆಸರನ್ನು ಮುಚ್ಚಿಕೊಳ್ಳಬೇಕೇಕೆ ಎಂಬುದು ಅದರ ಹಿಂದಿನ ವಾದ. ಅದೇ ಕಾಲದಲ್ಲಿ ಹೊರಬಂದ ನಾಗಪ್ಪಗಾರಿ ಸುಂದರರಾಜು ಅವರ ತೆಲುಗು ಕಥಾಸಂಕಲನದ ಹೆಸರು 'ಮಾದಿಗೋಡು' (೧೯೯೭). ಅದು ಮಾದಿಗನನ್ನು ಏಕವಚನದಲ್ಲಿ, ತಿರಸ್ಕಾರದ ಪ್ರತ್ಯಯದೊಡನೆ ಕರೆಯುವ ರೂಪ. ಬೈಗುಳದ ಸಂಪೂರ್ಣ ರೂಪವನ್ನೇ ಮುಖಪುಟಕ್ಕೆ ತಂದ ಧೈರ್ಯ ಅದರದು.

ಈ ಚಳವಳಿಯ ಫಲ ಭಾಷೆಯ ವಲಯದಲ್ಲಿಯೇ ನಿಲ್ಲಲಿಲ್ಲ. ಪರಿಶಿಷ್ಟ ಜಾತಿಗಳ ಒಳವರ್ಗೀಕರಣದ ಆಂಧ್ರಪ್ರದೇಶದ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯ ೨೦೦೪ರಲ್ಲಿ ರದ್ದುಪಡಿಸಿದರೂ, ೨೦೨೪ರ ಆಗಸ್ಟ್ ೧ರಂದು ಏಳು ನ್ಯಾಯಾಧೀಶರ ಪೀಠ ಒಳವರ್ಗೀಕರಣವನ್ನು ಎತ್ತಿಹಿಡಿಯಿತು. ೨೦೨೫ರ ಏಪ್ರಿಲ್ ೧೪ರಂದು ತೆಲಂಗಾಣದಲ್ಲಿ ಅದು ಜಾರಿಗೆ ಬಂದಿತು. ಹೆಸರನ್ನು ಬಾಯ್ತುಂಬ ಹೇಳಿಕೊಂಡದ್ದು ಇಲ್ಲಿ ಪಾಲು ಕೇಳುವ ಮೊದಲ ಹೆಜ್ಜೆಯಾಗಿತ್ತು. ಅದೇ ವೇಳೆಗೆ ೧೯೭೫ರ ಶೀರ್ಷಿಕೆಯಲ್ಲಿ ಕೂಡಿದ್ದ ದ್ವಂದ್ವ ಸಮಾಸ ಈ ಘಟ್ಟದಲ್ಲಿ ಬಿಡಿಪದಗಳಾಯಿತು ಎಂಬುದನ್ನೂ ಮರೆಯುವಂತಿಲ್ಲ.

೬. ಪುರುಷವಾಚಕದ ನೆಲೆ

ಮೇಲಿನ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಪದವೊಂದು ಬೈಗುಳವೋ ಹೆಸರೋ ಎಂಬುದು ಬಹುಮಟ್ಟಿಗೆ ವ್ಯಾಕರಣದ ಪುರುಷವನ್ನು ಅವಲಂಬಿಸಿರುವುದು ಗೊತ್ತಾಗುತ್ತದೆ. ಕೇಶಿರಾಜನ ಕಾಲದಿಂದ ಕನ್ನಡ ವಿದ್ಯಾರ್ಥಿಗಳು ಕಲಿಯುತ್ತ ಬಂದಿರುವ ಪ್ರಥಮ, ಮಧ್ಯಮ, ಉತ್ತಮ ಎಂಬ ಮೂರು ಪುರುಷಗಳ ವಿಭಾಗ ಇಲ್ಲಿ ಉಪಯುಕ್ತ. ಮಧ್ಯಮಪುರುಷದಲ್ಲಿ, ಎದುರಿಗಿದ್ದವನನ್ನು ಉದ್ದೇಶಿಸಿ ಏಕವಚನದಲ್ಲಿ ಎಸೆದಾಗ ಅದು ಬೈಗುಳ. ಪ್ರಥಮಪುರುಷದಲ್ಲಿ ಅದು ವರ್ಣನೆ. ಸಂದರ್ಭಕ್ಕೆ ತಕ್ಕಂತೆ ನಿಂದೆಯೂ ಆಗಬಹುದು, ದಾಖಲೆಯೂ ಆಗಬಹುದು. ಉತ್ತಮಪುರುಷದಲ್ಲಿ ಮಾತ್ರ ಅದು ಹಕ್ಕಿನ ನುಡಿ.

ಉತ್ತಮಪುರುಷ ಬಹುವಚನದಲ್ಲಿ ಒಂದು ಸೂಕ್ಷ್ಮವಿದೆ. ಹೈದರಾಬಾದಿನ ಕನ್ನಡಿಗರಿಗೆ ಅದು ತೆಲುಗಿನ ಮೂಲಕ ಸುಲಭವಾಗಿ ತಿಳಿಯುತ್ತದೆ. ತೆಲುಗಿನಲ್ಲಿ 'ನಾವು' ಎಂಬುದಕ್ಕೆ ಎರಡು ರೂಪಗಳಿವೆ. ಕೇಳುಗನನ್ನು ಒಳಗೊಂಡರೆ 'ಮನಮು', ಹೊರಗಿಟ್ಟರೆ 'ಮೇಮು'. ಇಂದಿನ ಕನ್ನಡದ 'ನಾವು' ಈ ಭೇದವನ್ನು ಮಾಡುವುದಿಲ್ಲ. ಮರುಸ್ವೀಕಾರದ ಮಾತು ಅನ್ಯರ ಎದುರಿನಲ್ಲಿ ಆಡಿದಾಗ 'ಮೇಮು' ಎಂಬ ಅರ್ಥದ ಮಾತು. ತಮ್ಮ ಹೆಸರನ್ನು ಹೇಳಿಕೊಳ್ಳುವವರು ಕೇಳುತ್ತಿರುವ ಇತರರನ್ನು ಆ ಹೆಸರಿನೊಳಗೆ ಕರೆಯುತ್ತಿಲ್ಲ, ಅದನ್ನು ಬಳಸಲು ಅನುಮತಿಯನ್ನೂ ಕೊಡುತ್ತಿಲ್ಲ. ತಮ್ಮನ್ನು ನೋಡಬೇಕಾದ ರೀತಿಯನ್ನು ಹೇಳುತ್ತಿದ್ದಾರೆ. 'ಅವರೇ ಹಾಗೆ ಕರೆದುಕೊಳ್ಳುತ್ತಾರಲ್ಲ, ನಾವು ಕರೆದರೆ ತಪ್ಪೇನು' ಎಂಬ ಪ್ರಶ್ನೆ ಹುಟ್ಟುವುದು 'ಮೇಮು' ಎಂದದ್ದನ್ನು 'ಮನಮು' ಎಂದು ಕೇಳಿಸಿಕೊಂಡಾಗ.

ಕಾಯಿದೆಯೂ ಈ ಭೇದವನ್ನು ತನ್ನದೇ ರೀತಿಯಲ್ಲಿ ಗುರುತಿಸಿದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆ ೧೯೮೯ರಲ್ಲಿ ರೂಪುಗೊಂಡು ೧೯೯೦ರಲ್ಲಿ ಜಾರಿಗೆ ಬಂದಿತು. ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಜಾತಿಯ ಹೆಸರು ಹಿಡಿದು ಬೈಯುವುದನ್ನು ೨೦೧೫ರ ತಿದ್ದುಪಡಿ ಪ್ರತ್ಯೇಕ ಅಪರಾಧವಾಗಿ ಹೆಸರಿಸಿತು. ಇವೆಲ್ಲವೂ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರದವರು ಎಸಗಿದ ಕೃತ್ಯಗಳಿಗೆ ಅನ್ವಯಿಸುತ್ತವೆ. ಅಂದರೆ ಪದವೊಂದೇ ಆದರೂ ನುಡಿಯುವವರು ಯಾರೆಂಬುದರಿಂದ ಅಪರಾಧ ನಿರ್ಧಾರವಾಗುತ್ತದೆ. ಆದರೆ ಪರಿಶಿಷ್ಟರೆಲ್ಲರನ್ನೂ ಒಂದೇ ಒಳಗಿನವರೆಂದು ಕಾಯಿದೆ ಎಣಿಸುತ್ತದೆ. ಪರಿಶಿಷ್ಟ ಜಾತಿಯೊಂದರವನು ಮತ್ತೊಂದು ಪರಿಶಿಷ್ಟ ಜಾತಿಯವನನ್ನು ಕೀಳೆಂದು ಬೈದರೆ ಈ ಕಾಯಿದೆ ಮೌನವಾಗಿದೆ. ಒಳಗು ಎಂಬುದರೊಳಗೂ ಮೇಲುಕೀಳು ಇದೆಯೆಂಬುದನ್ನು ಮರುಸ್ವೀಕಾರದ ಚರ್ಚೆ ಮರೆಯಬಾರದು.

ಹೆಸರಿನ ಕೊನೆಗೆ 'ಮಾದಿಗ' ಎಂದು ಸೇರಿಸಿಕೊಳ್ಳುವ ಕ್ರಮದಲ್ಲಿ ಮತ್ತೊಂದು ವಿಶೇಷವಿದೆ. ಪತ್ರಿಕೆಗಳೂ ಮಂತ್ರಿಗಳೂ ಆ ನಾಯಕನನ್ನು ಉಲ್ಲೇಖಿಸುವಾಗ 'ಮಾದಿಗ ಅವರು' ಎಂದೇ ಹೇಳಬೇಕಾಗುತ್ತದೆ. ಶತಮಾನಗಳ ಕಾಲ ಏಕವಚನದಲ್ಲಿ ಮಾತ್ರ ನುಡಿದ ಪದವನ್ನು ಅನ್ಯರ ಬಾಯಿಂದ ಗೌರವ ಬಹುವಚನದಲ್ಲಿ ನುಡಿಸಿದ್ದು ಈ ಕ್ರಮದ ಸಾಧನೆ. ಪದಕೋಶದಲ್ಲಿ ಪದ ಬದಲಾಗಲಿಲ್ಲ, ಅದರ ಪ್ರತ್ಯಯ ಬದಲಾಯಿತು.

೭. ಆಕ್ಷೇಪಗಳು

ಮರುಸ್ವೀಕಾರದ ವಿರುದ್ಧ ಎತ್ತಲಾಗುವ ಆಕ್ಷೇಪಗಳಲ್ಲಿ ಮೂರು ಗಂಭೀರವಾದವು.

ಜಾತಿಯ ವಿನಾಶವೇ ಗುರಿಯಾಗಿರುವಾಗ ಜಾತಿಯ ಹೆಸರನ್ನು ಎತ್ತಿಹಿಡಿಯುವುದು ವಿರೋಧಾಭಾಸವಲ್ಲವೇ ಎಂಬುದು ಮೊದಲನೆಯದು. ಡಾ. ಅಂಬೇಡ್ಕರರ ೧೯೩೬ರ 'ಜಾತಿ ವಿನಾಶ'ದ ಓದುಗರು ಇದನ್ನು ತಳ್ಳಿಹಾಕುವಂತಿಲ್ಲ. 'ದಲಿತ' ಎಂಬ ಪದ ೧೯೭೨ರ ದಲಿತ ಪ್ಯಾಂಥರ್ಸ್ ಕಾಲದಿಂದ ವ್ಯಾಪಕವಾದದ್ದು ಜಾತಿಗಳನ್ನು ದಾಟುವ ಹೆಸರು ಬೇಕಾಗಿದ್ದರಿಂದಲೇ. ಇದಕ್ಕೆ ಕೊಡಬಹುದಾದ ಉತ್ತರವೆಂದರೆ, ಮೇಲಿನವರು ತಮ್ಮ ಜಾತಿನಾಮಗಳನ್ನು ಉಳಿಸಿಕೊಂಡಿರುವವರೆಗೆ ಕೆಳಗಿನವರಷ್ಟೇ ಹೆಸರನ್ನು ಮುಚ್ಚಿಕೊಳ್ಳುವುದು ಜಾತಿನಾಶವಾಗದೆ ಜಾತಿಯ ಲಜ್ಜೆಯಾಗಿ ಉಳಿಯುತ್ತದೆ. ಆದರೆ ಹೋರಾಟದ ಹೆಸರು ಗುರಿ ಮುಟ್ಟಿದ ಮೇಲೆ ಕಳಚಬೇಕಾದ ಹೆಸರೆಂಬ ಎಚ್ಚರವೂ ಬೇಕು. ಇಲ್ಲವಾದರೆ ಆಕ್ಷೇಪವೇ ನಿಜವಾಗುತ್ತದೆ.

ಪದದ ಗಾಯ ಮಾಯುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಅಮೆರಿಕದ ಅನುಭವ ಇಲ್ಲಿ ಬೋಧಪ್ರದ. ಡಿಕ್ ಗ್ರೆಗರಿ ೧೯೬೪ರಲ್ಲಿ ತಮ್ಮ ಆತ್ಮಕಥೆಗೆ ಆ ಬೈಗುಳವನ್ನೇ ಶೀರ್ಷಿಕೆಯಾಗಿಟ್ಟರು. ಅದೇ ಪದವನ್ನು ವೇದಿಕೆಯ ಮೇಲೆ ಧಾರಾಳವಾಗಿ ಬಳಸಿ ಪ್ರಸಿದ್ಧರಾದ ಹಾಸ್ಯಗಾರ ರಿಚರ್ಡ್ ಪ್ರಯರ್ ೧೯೭೯ರ ಕೀನ್ಯಾ ಪ್ರವಾಸದ ನಂತರ ಅದನ್ನು ಕೈಬಿಟ್ಟರು. ೨೦೦೭ರಲ್ಲಿ ಕಪ್ಪು ಜನರ ಹಳೆಯ ಹಕ್ಕುಸಂಸ್ಥೆಯೊಂದು ಡೆಟ್ರಾಯಿಟ್ ನಗರದಲ್ಲಿ ಆ ಪದಕ್ಕೆ ಸಾಂಕೇತಿಕವಾಗಿ ಶವಸಂಸ್ಕಾರ ನಡೆಸಿತು. ಸಮುದಾಯದ ಒಳಗೇ ಒಮ್ಮತವಿಲ್ಲವೆಂಬುದು ಇದರಿಂದ ಸ್ಪಷ್ಟ. ಕರ್ನಾಟಕದಲ್ಲಿಯೂ ಸ್ಥಿತಿ ಬೇರೆಯಲ್ಲ. ಕವಿಗೆ ಶೀರ್ಷಿಕೆಯಾಗಿ ಒದಗುವ ಪದ ಹಳ್ಳಿಯ ಕೂಲಿ ಹೆಂಗಸಿಗೆ ಇಂದಿಗೂ ಮಧ್ಯಮಪುರುಷದಲ್ಲಿಯೇ ತಲುಪುತ್ತದೆ. 'ಹೊಲತಿ', 'ಮಾದಿಗಿತ್ತಿ' ಎಂಬ ಸ್ತ್ರೀಲಿಂಗ ರೂಪಗಳಲ್ಲಿ ಜಾತಿನಿಂದೆಯ ಜೊತೆಗೆ ಹೆಣ್ಣಿನ ನಿಂದೆಯೂ ಬೆರೆತಿರುತ್ತದೆ; ಪುರುಷರು ಮುನ್ನಡೆಸಿದ ಮರುಸ್ವೀಕಾರ ಆ ರೂಪಗಳನ್ನು ಅಷ್ಟಾಗಿ ಮುಟ್ಟಿಲ್ಲ.

ಒಬ್ಬರ 'ನಾವು' ಇನ್ನೊಬ್ಬರಿಗೆ ಹೊರೆಯಾಗಬಹುದು ಎಂಬುದು ಮೂರನೆಯದು. ಒಂದು ಸಮುದಾಯದ ಕೆಲವರು ಹೆಸರನ್ನು ಬಾವುಟವಾಗಿಸಿದಾಗ, ಅದನ್ನು ಹೇಳಿಕೊಳ್ಳಲು ಇಚ್ಛಿಸದವರು ಹೇಡಿಗಳೆಂಬ ಭಾವನೆ ಬೆಳೆಯಬಾರದು. ಬಾಡಿಗೆ ಮನೆ ಸಿಗದೆಂದು, ಸಹಪಾಠಿಗಳ ನೋಟ ಬದಲಾಗುವುದೆಂದು ಹೆಸರನ್ನು ಮರೆಸುವ ವಿದ್ಯಾರ್ಥಿಯ ಭಯಕ್ಕೆ ಕಾರಣ ಅವನಲ್ಲ. ಉತ್ತಮಪುರುಷದ ಹಕ್ಕಿನಲ್ಲಿ ನುಡಿಯುವ ಹಕ್ಕಿನಷ್ಟೇ ನುಡಿಯದಿರುವ ಹಕ್ಕೂ ಸೇರಿದೆ. ೨೦೧೮ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಇಲಾಖೆಯು 'ದಲಿತ' ಪದವನ್ನು ಬಿಟ್ಟು 'ಪರಿಶಿಷ್ಟ ಜಾತಿ' ಎಂದು ಬಳಸುವಂತೆ ಮಾಧ್ಯಮಗಳಿಗೆ ಸೂಚಿಸಿದಾಗ ಬಂದ ವಿರೋಧ ಇದೇ ತತ್ತ್ವದ ಮತ್ತೊಂದು ಮುಖ. ಹೆಸರನ್ನು ಹೇರುವುದು ತಪ್ಪಾದರೆ ಕಸಿಯುವುದೂ ತಪ್ಪೇ.

೮. ಅಧ್ಯಯನ ಮತ್ತು ಬೋಧನೆ

ಕನ್ನಡ ವಿಭಾಗಗಳಿಗೆ ಈ ವಿವೇಚನೆಯಿಂದ ಕೆಲವು ಕರ್ತವ್ಯಗಳು ಒದಗುತ್ತವೆ. ಪ್ರಾಚೀನ ಪಠ್ಯಗಳಲ್ಲಿ ಬರುವ ಇಂತಹ ಪದಗಳನ್ನು ತಿದ್ದುವುದಾಗಲಿ ಬಿಡುವುದಾಗಲಿ ಸಲ್ಲದು. ಹಾಗೆ ಮಾಡಿದರೆ ನಿಂದೆಯ ಚರಿತ್ರೆಯೂ ಅದಕ್ಕೆ ಬಂದ ಪ್ರತ್ಯುತ್ತರವೂ ಒಟ್ಟಿಗೆ ಅಳಿಯುತ್ತವೆ. ಉಲ್ಲೇಖ ಬೇರೆ, ಪ್ರಯೋಗ ಬೇರೆ. ಕೃತಿಯ ಶೀರ್ಷಿಕೆಯನ್ನು ಹೇಳುವುದು, ಪಠ್ಯವನ್ನು ಓದುವುದು ಉಲ್ಲೇಖ. ಅದೇ ಪದವನ್ನು ಅಧ್ಯಾಪಕ ತನ್ನ ವಿವರಣೆಯ ಮಾತಿನಲ್ಲಿ ಸಲುಗೆಯಿಂದ ಬಳಸುವುದು ಪ್ರಯೋಗ. ಮೊದಲನೆಯದು ಅನಿವಾರ್ಯ, ಎರಡನೆಯದಕ್ಕೆ ಹೊರಗಿನವನಿಗೆ ಅಧಿಕಾರವಿಲ್ಲ. ಪಠ್ಯದಲ್ಲಿ ಆ ಹೆಸರು ಬಂದಾಗ ತರಗತಿಯಲ್ಲಿರುವ ಆ ಸಮುದಾಯದ ವಿದ್ಯಾರ್ಥಿಯನ್ನು ಸಾಕ್ಷಿಯಂತೆ ಎದ್ದುನಿಲ್ಲಿಸಿ ಅನುಭವ ಹೇಳಿಸುವುದು ಸಹಾನುಭೂತಿಯ ವೇಷದ ಹೇರಿಕೆ. ಜಾತಿನಿಂದೆಯ ಗಾದೆಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಅವುಗಳನ್ನು ಜಾಣತನದ ಮಾದರಿಗಳೆಂದು ಪ್ರಕಟಿಸದೆ, ಯಾರು ಯಾರನ್ನು ಕುರಿತು ಆಡಿದ್ದೆಂಬ ವಿವರದೊಡನೆ ಕೊಡಬೇಕು. ನಿಘಂಟುಕಾರರು ಹೆಸರಿನ ಅರ್ಥ, ನಿಂದೆಯ ಅರ್ಥ, ಸ್ವಾಭಿಮಾನದ ಅರ್ಥ ಮೂರನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು.

ಒಟ್ಟಿನಲ್ಲಿ, ಬೈಗುಳವನ್ನು ಹೆಸರಾಗಿಸಿಕೊಳ್ಳುವುದು ಆ ಬೈಗುಳವನ್ನು ತಿಂದವರಿಗೆ ಸಲ್ಲುವ ಹಕ್ಕು. ಅದಕ್ಕೆ ಅನ್ಯರ ಒಪ್ಪಿಗೆ ಬೇಕಿಲ್ಲ. ಆ ಹಕ್ಕು ಒಳಗಿನ ಇನ್ನೊಬ್ಬರನ್ನು ಹೀಗಳೆಯಲು ಅಥವಾ ನಿರ್ಬಂಧಿಸಲು ಬಳಕೆಯಾದರೆ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಭಾಗ್ಯರೆಡ್ಡಿ ವರ್ಮಾ ಹೆಸರನ್ನು ಬಿಟ್ಟದ್ದೂ ದಂಡೋರಾದ ಕಾರ್ಯಕರ್ತರು ಹೆಸರನ್ನು ಹಿಡಿದದ್ದೂ ಪರಸ್ಪರ ವಿರುದ್ಧವೆಂದು ಕಂಡರೂ, ತಮ್ಮನ್ನು ಏನೆಂದು ಕರೆಯಬೇಕೆಂಬುದನ್ನು ತಾವೇ ನಿರ್ಧರಿಸುತ್ತೇವೆಂಬ ಒಂದೇ ನಿಲುವಿನ ಎರಡು ರೂಪಗಳು ಅವು. ಆದಕಾರಣ ಸಮುದಾಯದೊಳಗೆ ಈ ಬಳಕೆ ಸಾಧುವೇ ಎಂದು ಹೊರಗಿನಿಂದ ತೀರ್ಪು ಕೊಡುವುದಕ್ಕಿಂತ, ಮಧ್ಯಮಪುರುಷದ ಆ ಪ್ರಯೋಗ ಇನ್ನೂ ಏಕೆ ಉಳಿದಿದೆ ಎಂಬುದನ್ನು ಇತರರು ತಮಗೆ ತಾವೇ ಕೇಳಿಕೊಳ್ಳುವುದು ಹೆಚ್ಚು ಉಚಿತ. ಅದು ನಿಂತ ದಿನ ಮರುಸ್ವೀಕಾರದ ಅಗತ್ಯವೂ ತಾನಾಗಿ ತೀರುತ್ತದೆ.